ಸೂಜಿ ಕಿತ್ತ ಕಣ್ಣು

"ಬಾವಿ ಕಡೆ ಹೊಂಟೀರಿ, ಹೋಗ್ರಿ. ಆದ್ರ ಅಲ್ಲಿ ನಿಂತ ನೋಡಬ್ಯಾಡ್ರಿ ಬಾಯಾರ. ನೋಡೋದಿದ್ರ ನಡಕೋತ ನೋಡ್ರಿ. ಕಾಲು ಆಡಸ್ಕೋತ ಇರ್ರಿ."

ಶಿವಲಿಂಗವ್ವ ಈ ಮಾತು ಹೇಳಿದ್ದು ರೊಟ್ಟಿ ಬಡಿಯುತ್ತ, ಒಲೆಯಿಂದ ಮುಖ ಎತ್ತದೆ. ಗೌತಮಿಗೆ ನಗು ಬಂತು. ಬಂದ ನಗುವನ್ನು ನುಂಗಿಕೊಳ್ಳುವಷ್ಟು ಸೌಜನ್ಯ ಅವಳಲ್ಲಿ ಇಲ್ಲದಿರಲಿಲ್ಲ. ಅವತ್ತು ಅದನ್ನು ಬಾಗಲಕೋಟೆಯಲ್ಲೇ ಬಿಟ್ಟು ಬಂದಿದ್ದಳು.

"ನಿಂತ್ರ ಏನಾಗ್ತದ್ರಿ ಅವ್ವಾರ? ಕಾಲಿಗೆ ಬೇರು ಬಿಡ್ತಾವೇನು?"

ರೊಟ್ಟಿಯ ಮೇಲೆ ಮುದುಕಿಯ ಕೈ ನಿಂತಿತು. "ಬಿಡ್ತಾವ," ಎಂದಳು. ಮತ್ತೆ ಬಡಿಯತೊಡಗಿದಳು.

ಗೌತಮಿ ಧಾರವಾಡದವಳು. ಬಾಗಲಕೋಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಲು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನವನಗರದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದ ಅವಳಿಗೆ ಜೊತೆಯಾದವಳು ಅದೇ ಕಾಲೇಜಿನ ಗ್ರಂಥಾಲಯದ ಶೈಲಾ. ಜ್ವರ ಬಂದಾಗ ಗಂಜಿ ತಂದವಳು, ಹಬ್ಬಕ್ಕೆ ಹೋಳಿಗೆ ತಂದವಳು, ಈಗ ರಜೆಯ ದಿನ ಕೆರೂರಿನಾಚೆ ಗುಡ್ಡದ ಸಂದಿಯಲ್ಲಿರುವ ತನ್ನ ದೊಡ್ಡವ್ವ ಶಿವಲಿಂಗವ್ವನ ಊರಿಗೆ ಕರೆತಂದವಳೂ ಅವಳೇ. ಅಲ್ಲೊಂದು ಮೆಟ್ಟಿಲು ಬಾವಿ ಇದೆ ಎಂದು ಬಾಯಿತಪ್ಪಿ ಹೇಳಿದ್ದಳು, ಅಷ್ಟೇ. ಗೌತಮಿ ಬೆನ್ನು ಬಿಡಲಿಲ್ಲ.

ಕಾರಣ ಅವಳ ಕ್ಯಾಮೆರಾ. ಅದೊಂದು ತೇಗದ ಪೆಟ್ಟಿಗೆ. ಮಸೂರವಿಲ್ಲ, ಬ್ಯಾಟರಿಯಿಲ್ಲ, ಇಣುಕಿ ನೋಡಲು ಕಿಂಡಿಯೂ ಇಲ್ಲ. ಮುಂದೆ ತೆಳು ಹಿತ್ತಾಳೆ ತಗಡಿನಲ್ಲಿ ಸೂಜಿಮೊನೆಯಷ್ಟು ತೂತು, ಹಿಂದೆ ಮೂರು ಬೆರಳಗಲದ ಫಿಲ್ಮ್ ಸುರುಳಿ, ನಡುವೆ ಕತ್ತಲು. ಆ ತೂತಿನಿಂದ ಬೆಳಕು ಇಳಿದು ಚಿತ್ರ ಮೂಡಬೇಕಾದರೆ ಬಹಳ ಹೊತ್ತು ಬೇಕು. ಅಷ್ಟು ಹೊತ್ತಿನಲ್ಲಿ ಅಲುಗಿದ್ದು ಯಾವುದೂ ಚಿತ್ರದಲ್ಲಿ ಉಳಿಯುವುದಿಲ್ಲ. ಪಟ್ಟದಕಲ್ಲಿನಲ್ಲಿ ಜನ ಗಿಜಿಗುಡುವಾಗ ಅವಳು ತೆಗೆದ ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಬರಿ ಕಲ್ಲು, ಬರಿ ಗುಡಿ. "ನಿಂತದ್ದಷ್ಟೇ ಉಳೀತದ, ನಡದಾಡಿದ್ದೆಲ್ಲಾ ಅಳಿಸಿ ಹೋಗ್ತದ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಅವಳ ಸೊಕ್ಕೂ ಆ ಪೆಟ್ಟಿಗೆಯಷ್ಟೇ ಚೌಕಾಗಿ, ಗಟ್ಟಿಯಾಗಿತ್ತು.

ಬಾವಿಯ ದಾರಿಯಲ್ಲಿ ಊರವರು ಎದುರಾದರು. ಒಬ್ಬಳು ನಳದ ಕೆಳಗೆ ಕೊಡ ಇಟ್ಟು, ಅದು ತುಂಬುವ ತನಕ ಕಾಲು ಬದಲಿಸುತ್ತಲೇ ಇದ್ದಳು. ಒಬ್ಬ ಮುದುಕ ಶೈಲಾಳನ್ನು ಮಾತಾಡಿಸಿದ. ಮಾತಾಡಿದಷ್ಟು ಹೊತ್ತೂ ಅವನ ಚಪ್ಪಲಿ ನೆಲದ ಮೇಲೆ ಸರಪರ ಎನ್ನುತ್ತಿತ್ತು. ಬಾವಿ ಕಾಣುವ ಜಾಗದಲ್ಲಿ ಆ ಊರಿನ ಯಾರೂ ಕಾಲೂರಿ ನಿಲ್ಲುತ್ತಿರಲಿಲ್ಲ. ನಡಿಗೆ ಕಲಿತ ದಿನದಿಂದ ಬಂದ ರೂಢಿ. ಗೌತಮಿ ಅವರ ಹಾಗೆಯೇ ಕಾಲು ಕುಣಿಸಿ ತೋರಿಸಿದಳು. ಶೈಲಾ ನಕ್ಕಳು, ಆದರೆ ಅವಳ ಕಾಲೂ ಸುಮ್ಮನಿರಲಿಲ್ಲ.

ಕೆಂಪುಕಲ್ಲಿನ ಹಳೆಯ ಬಾವಿ. ಕಲ್ಲಿನ ಬಾಗಿಲು ದಾಟಿದರೆ ಮೆಟ್ಟಿಲುಗಳು ಸಾಲಾಗಿ ಕತ್ತಲಿಗೆ ಇಳಿಯುತ್ತಿದ್ದವು. ಮೇಲೆ ಬೇವಿನ ಮರ ಬಾಗಿ ಆಕಾಶವನ್ನು ಮುಚ್ಚಿತ್ತು. ಬಾವಲಿ ಹಿಕ್ಕೆಯ ಘಾಟು, ಪಾಚಿಯ ವಾಸನೆ, ಅದರಡಿಗೆ ಇನ್ನೊಂದು ವಾಸನೆ. ಒದ್ದೆ ಸೀರೆಯನ್ನು ಹಿಂಡದೆ ಮುದ್ದೆಮಾಡಿ ಬಹಳ ದಿನ ಮೂಲೆಗೆ ಹಾಕಿಟ್ಟಂಥದು. ಒಳಗೆಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನದ ಬಿಸಿಲು ಕಲ್ಲಿನ ಬಾಗಿಲ ಹೊರಗೇ ನಿಂತಿತ್ತು.

ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸುವಾಗ ತೂತಿನಲ್ಲಿ ದಾರಿಯ ಕೆಂಪು ಧೂಳು ಕೂತದ್ದು ಕಂಡಿತು. ಊದಿದಳು, ಹೋಗಲಿಲ್ಲ. ಆಮೇಲೆ ಅವಳು ತನ್ನ ವಿದ್ಯಾರ್ಥಿಗಳಿಗೆ ಎಂದೂ ಮಾಡಗೊಡದ ಕೆಲಸ ಮಾಡಿದಳು. ದುಪಟ್ಟಾದ ಪಿನ್ನು ತೆಗೆದು ಚುಚ್ಚಿದಳು. ಧೂಳು ಹೋಯಿತು, ಜೊತೆಗೆ ತೂತೂ ಹರಿಯಿತು. ಹರಿದ ತೂತಿನಿಂದ ಚಿತ್ರ ಬರುವುದಿಲ್ಲ, ಮಸುಕು ಬರುತ್ತದೆ. ಇಷ್ಟು ದೂರ ಬಂದು ಹೀಗಾಯಿತಲ್ಲ ಎಂದು ಹಣೆ ಚಚ್ಚಿಕೊಳ್ಳುವಾಗ ಬಾಗಿಲ ನೆತ್ತಿಯಲ್ಲಿ ಅದು ಕಣ್ಣಿಗೆ ಬಿತ್ತು.

ತಾಮ್ರದ ತಗಡು. ವೀಳ್ಯದೆಲೆಯಷ್ಟು ಅಗಲ, ಅಷ್ಟೇ ತೆಳು, ಹಸಿರುಗಟ್ಟಿದ್ದು. ಅದರ ಮೇಲೆ ಒಂದು ಕಣ್ಣು ಗೀರಿದ್ದರು. ಆ ಕಣ್ಣಿನ ಪಾಪೆಗೆ ಸರಿಯಾಗಿ ಒಂದು ಸೂಜಿ ಚುಚ್ಚಿ ಕಲ್ಲಿನ ಸಂದಿಗೆ ನಾಟಿದ್ದರು. ಸುತ್ತ ಒಣಗಿದ ಲಿಂಬೆ ಹೋಳು, ಕಪ್ಪಗಾದ ಕುಂಕುಮ.

"ಅದನ್ನ ಮುಟ್ಟಬ್ಯಾಡ," ಎಂದಳು ಶೈಲಾ. "ಹಿಂದಕ ಯಾರೋ ಮಂತ್ರವಾದೀನ ಕರಿಸಿ ಬಾವೀಗೆ ದಿಗ್ಬಂಧನ ಹಾಕಿಸ್ಯಾರ. ಆ ಕಣ್ಣಾಗ ಸೂಜಿ ಇರೂತನ ಬಾವಿ ತಣ್ಣಗಿರ್ತದಂತ."

"ಶೈಲಾ, ಇಷ್ಟು ತೆಳು ತಾಮ್ರ ನಾ ಮುಂಬಯಿಂದ ತರಿಸ್ಕೋತೇನಿ. ಫೋಟೋ ತಗದು ಮತ್ತ ಅಲ್ಲೇ ಹಚ್ಚತೇನಿ. ನಿಮ್ಮ ಮಂತ್ರವಾದಿಗೆ ಗೊತ್ತೂ ಆಗೂದಿಲ್ಲ."

ಸೂಜಿ ಸಲೀಸಾಗಿ ಬಂತು. ಅದು ಬಂದ ಗಳಿಗೆಗೆ ಬಾವಿಯೊಳಗೆ ತೊಟ್ಟಿಕ್ಕುವ ಸದ್ದು ನಿಂತಿತು. ಗೌತಮಿ ಅದನ್ನು ಗಮನಿಸುವಂತಿರಲಿಲ್ಲ. ತಗಡನ್ನು ಬೆಳಕಿಗೆ ಹಿಡಿದು, ಸೂಜಿಮೊನೆ ಮಾಡಿದ ಆ ದುಂಡು ತೂತು ನೋಡಿ ಮೈಮರೆತಿದ್ದಳು. ಫಿಲ್ಮಿಗೆ ಬೆಳಕು ತಾಗದಂತೆ ಕಪ್ಪು ಚೀಲದೊಳಗೆ ಕೈ ತೂರಿಸಿ, ಹಳೆಯದನ್ನು ಬಿಚ್ಚಿ ಇದನ್ನು ಟೇಪಿನಿಂದ ಕೂರಿಸಿದಳು. ತಾಮ್ರ ಬೆರಳಿಗೆ ಬೆಚ್ಚಗೆ ಹತ್ತಿತು. ಬಿಸಿಲಿಗೆ ಕಾದಿರಬೇಕು ಅಂದುಕೊಂಡಳು. ಅದು ಇದ್ದದ್ದು ನೆರಳಿನಲ್ಲಿ.

"ನೀ ಕೆಳಗಿನ ಮೆಟ್ಟಿಲಿಗೆ ಕೂಡು. ಅಲುಗಾಡಬ್ಯಾಡ, ಅಷ್ಟ. ಖಾಲಿ ಬಾವ್ಯಾಗ ಒಬ್ಬಾಕಿ ಹೆಣ್ಣಮಗಳು. ಎಂಥಾ ಚಿತ್ರ ಆಗ್ತದ ಗೊತ್ತೇನು?"

"ನನಗ ಈಜು ಬರೂದಿಲ್ಲ ಗೌತಮಿ."

"ಈಜು ಅಂದವರ್‍ಯಾರು? ಕೂಡು ಅಂದೆ. ನನ್ನ ಸಲುವಾಗಿ."

ಶೈಲಾ ಗೆಳತಿಯ ಸಲುವಾಗಿ ಇಳಿದಳು. ನೀರಿಗೆ ತಾಗಿದ ಮೆಟ್ಟಿಲಿನ ಮೇಲೆ ಕೂತಳು. ಆ ಊರಿನ ರಕ್ತದ ಕಾಲುಗಳನ್ನು ಮೊದಲ ಸಲ ಸುಮ್ಮನೆ ಇಟ್ಟಳು. ಗೌತಮಿ ಅವಳಿಗಿಂತ ಕೆಲವೇ ಮೆಟ್ಟಿಲು ಮೇಲೆ, ಕ್ಯಾಮೆರಾದ ಹಿಂದೆ ನಿಂತು, ತೂತಿನ ಮುಚ್ಚಳ ಸರಿಸಿದಳು.

ಬೆಳಕು ಒಳಗೆ ಇಳಿಯತೊಡಗಿತು. ಬಾವಲಿಗಳು ಸುಮ್ಮನಾದವು. ಬೇವಿನೆಲೆಯೂ ಅಲುಗಲಿಲ್ಲ. ಒದ್ದೆ ಸೀರೆಯ ವಾಸನೆ ಮೇಲೇರಿ ಬಂತು.

ಆಮೇಲೆ ಪಾಚಿಗಟ್ಟಿದ ಕಲ್ಲು ಜಾರಿತೋ, ಶೈಲಾಳೇ ಜಾರಿದಳೋ. ದೊಡ್ಡ ಸದ್ದೇನೂ ಆಗಲಿಲ್ಲ. ಅವಳು ಕೂತಿದ್ದ ಜಾಗದಲ್ಲಿ ಅವಳಿರಲಿಲ್ಲ. ನೀರಿನಲ್ಲಿ ಒಂದು ಕೈ ಕಂಡಿತು, ಕೂದಲು ಕಂಡಿತು, ತೆರೆದ ಬಾಯಿ ಕಂಡಿತು.

"ಗೌತಮೀ!"

ಎರಡು ಹೆಜ್ಜೆ ಇಳಿದು ಕೈ ಚಾಚಿದ್ದರೆ ಸಾಕಿತ್ತು. ಹೆಗಲ ಮೇಲೆ ದುಪಟ್ಟಾ ಇತ್ತು. ಗೌತಮಿ ನಿಂತಿದ್ದಳು. ಅವಳ ತಲೆಯಲ್ಲಿ ಆಗ ಬಂದ ಯೋಚನೆ ಇದು: ನೀರಿನಲ್ಲಿ ಒದ್ದಾಡುವುದು ಹೇಗೂ ಚಿತ್ರದಲ್ಲಿ ಬರುವುದಿಲ್ಲ. ಮೆಟ್ಟಿಲು ಬರುತ್ತದೆ. ಈಗ ಸ್ಟ್ಯಾಂಡು ಅಲುಗಿದರೆ ಮೆಟ್ಟಿಲೂ ಹೋಗುತ್ತದೆ. ಇನ್ನೊಂದು ಗಳಿಗೆ. ಅವಳೇ ಮೆಟ್ಟಿಲು ಹಿಡಿದುಕೊಳ್ಳುತ್ತಾಳೆ. ಇನ್ನೊಂದೇ ಗಳಿಗೆ.

ಕೈ ಮುಳುಗಿತು.

ಯಾರೋ ಅವಳನ್ನು ಪಕ್ಕಕ್ಕೆ ನೂಕಿ ದಡದಡನೆ ಇಳಿದರು. ಊಟಕ್ಕೆ ಕರೆಯಲು ಬಂದಿದ್ದ ಶಿವಲಿಂಗವ್ವ. ಮುದುಕಿ ಮೆಟ್ಟಿಲಿನ ಮೇಲೆ ಬೋರಲು ಬಿದ್ದು, ಸೆರಗು ನೀರಿಗೆ ಎಸೆದು, ಹಿಡಕೋ ಹಿಡಕೋ ಎಂದು ಕೂಗಿದಳು. ಆಗಲೂ ಅವಳ ಪಾದಗಳು ಕಲ್ಲಿಗೆ ಬಡಿಯುತ್ತಲೇ ಇದ್ದವು. ಶೈಲಾಳ ಬೆರಳಿಗೆ ಸೆರಗು ಸಿಕ್ಕಿತು.

ಬಾವಿಯ ಹೊರಗೆ, ಬಿಸಿಲಿನಲ್ಲಿ, ಶೈಲಾ ಬಹಳ ಹೊತ್ತು ನೀರು ಕಾರಿದಳು. ಆಮೇಲೆ ಗೆಳತಿಯ ಕೈ ಹಿಡಿದು ಕೇಳಿದಳು. "ನಿನ್ನ ಕಾಲು ಹಿಡದಿತ್ತಲ್ಲಾ? ನೀ ಅಲ್ಲೇ ನಿಂತಿದ್ದಿ. ನಾ ನೋಡಿದೆ. ನಿನ್ನ ಕಾಲು ಏಳವಲ್ಲದಾಗಿತ್ತಲ್ಲಾ?"

ಬೆಳಗಿನಿಂದ ಊರ ರೂಢಿಯನ್ನು ಆಡಿಕೊಂಡು ನಕ್ಕಿದ್ದ ಗೌತಮಿ, ಕೊಟ್ಟ ನೆವವನ್ನು ಎರಡೂ ಕೈಯಿಂದ ಬಾಚಿಕೊಂಡಳು.

"ಹೌದು. ಯಾರೋ ಹಿಡದಂಗಾತು. ಕಾಲು ಏಳಲೇ ಇಲ್ಲ."

ಶಿವಲಿಂಗವ್ವ ತನ್ನ ಒದ್ದೆ ಸೆರಗು ಹಿಂಡುತ್ತಿದ್ದಳು. ತಲೆ ಎತ್ತಿ ಗೌತಮಿಯ ಮುಖ ನೋಡಿ, ಮತ್ತೆ ಹಿಂಡತೊಡಗಿದಳು. ಆ ಗಡಿಬಿಡಿಯಲ್ಲಿ ಬಾಗಿಲ ನೆತ್ತಿಯ ಖಾಲಿ ಜಾಗ ಯಾರ ಕಣ್ಣಿಗೂ ಬೀಳಲಿಲ್ಲ. ತಾಮ್ರದ ತಗಡು ಕ್ಯಾಮೆರಾದೊಳಗೆ ಉಳಿಯಿತು, ಸೂಜಿ ಗೌತಮಿಯ ಚೀಲದಲ್ಲಿ. ಬಸ್ಸಿನಲ್ಲಿ ಶೈಲಾ ಅವಳ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಆ ತಲೆ ಕಲ್ಲಿನಷ್ಟು ಭಾರವಾಗಿತ್ತು.

ಅಂದು ಸಂಜೆ ಬಚ್ಚಲಮನೆಯ ಕತ್ತಲಲ್ಲಿ ಗೌತಮಿ ಫಿಲ್ಮು ತೊಳೆದಳು. ಏಕೆ ತೊಳೆದಳು? ಎಸೆಯಬಹುದಿತ್ತು. ಚಿತ್ರ ಬಂದಿದೆಯೋ ಇಲ್ಲವೋ ಎಂಬ ಆಸೆ ಆಗಲೂ ಸತ್ತಿರಲಿಲ್ಲ, ಅದೇ ನಾಚಿಕೆಗೇಡು. ಒಣಗಿದ ಫಿಲ್ಮನ್ನು ದೀಪಕ್ಕೆ ಹಿಡಿದು, ಮೊಬೈಲಿನಲ್ಲಿ ಕಪ್ಪನ್ನು ಬಿಳಿ ಮಾಡಿ, ಬಿಳಿಯನ್ನು ಕಪ್ಪು ಮಾಡಿ ನೋಡಿದಳು.

ಚಿತ್ರ ಚೆನ್ನಾಗಿ ಬಂದಿತ್ತು. ಶೈಲಾ ಎಲ್ಲೂ ಇರಲಿಲ್ಲ, ಅವಳು ಒದ್ದಾಡಿದ ನೀರು ಮಂಜಿನ ಹಾಗೆ ನುಣ್ಣಗಿತ್ತು. ಆದರೆ ಮೆಟ್ಟಿಲುಗಳ ತುಂಬ ಜನ. ರುಮಾಲಿನ ಗಂಡಸರು, ಸೆರಗು ಕಚ್ಚಿದ ಹೆಂಗಸರು. ಒಬ್ಬರೂ ಮಸುಕಾಗಿರಲಿಲ್ಲ. ಎಲ್ಲರೂ ನೀರನ್ನೇ ನೋಡುತ್ತ ನಿಂತಿದ್ದರು. ಎಲ್ಲರ ಮುಖದಲ್ಲೂ ಹೆದರಿಕೆ. ಆ ಸಾಲಿನ ಕೊನೆಯಲ್ಲಿ ದುಪಟ್ಟಾ ಹೊದ್ದ ಒಬ್ಬಳು.

ಕ್ಯಾಮೆರಾದ ಹಿಂದೆ ನಿಂತವಳು ಚಿತ್ರದೊಳಗೆ ಹೇಗೆ ಬಂದಳು? ಭೌತಶಾಸ್ತ್ರ ಅದಕ್ಕೆ ಉತ್ತರ ಕೊಡಲಿಲ್ಲ. ಅದಕ್ಕಿಂತ ಅವಳನ್ನು ಸುಟ್ಟದ್ದು ಆ ಮುಖ. ಉಳಿದವರ ಹಾಗೆ ಅವಳು ಹೆದರಿರಲಿಲ್ಲ. ಕಾಯುತ್ತಿದ್ದಳು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಬೀದಿ ಖಾಲಿ. ಹಾರ್ನಿನ ಸದ್ದು, ತರಕಾರಿಯವಳ ಕೂಗು, ಶಾಲೆಗೆ ಹೋಗುವ ಮಕ್ಕಳ ಗಲಾಟೆ, ಎಲ್ಲ ಕೇಳುತ್ತಿತ್ತು. ಒಬ್ಬರೂ ಕಾಣುತ್ತಿರಲಿಲ್ಲ. ಕಟ್ಟೆಯ ಮೇಲೆ ಮಲಗಿದ ನಾಯಿ ಕಾಣುತ್ತಿತ್ತು. ಅದು ಎದ್ದಿತು, ಎದ್ದ ಕೂಡಲೇ ಇಲ್ಲವಾಯಿತು. ಗೌತಮಿ ಒಂದು ಹೆಜ್ಜೆ ಇಟ್ಟಳು. ಕಿವಿಯ ಪಕ್ಕದಲ್ಲೇ ಬ್ರೇಕು ಕಿರುಚಿತು, ಯಾರೋ ಬೈದರು, ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಖಾಲಿ ರಸ್ತೆಯಿಂದ ಅವಳು ಹಿಂದೆ ಸರಿದು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅವಳ ಕಣ್ಣಿಗೆ ನಿಂತದ್ದಷ್ಟೇ ಉಳಿಯುತ್ತಿತ್ತು. ನಿಂತವರು ಎಲ್ಲ ಕಡೆಯೂ ಇದ್ದರು. ಕಾಲೇಜಿನ ಗೇಟಿನ ಬಳಿ ರುಮಾಲಿನ ಒಬ್ಬ, ತರಗತಿಯ ಮೂಲೆಯಲ್ಲಿ ಸೆರಗು ಕಚ್ಚಿದ ಒಬ್ಬಳು. ಅವರ ಬಟ್ಟೆ ತೊಯ್ದು ಮೈಗೆ ಅಂಟಿತ್ತು. ಅವರು ಏನೂ ಮಾಡಲಿಲ್ಲ, ಸುಮ್ಮನೆ ನೋಡುತ್ತಿದ್ದರು.

ಶೈಲಾ ಎದೆಗೆ ನೀರು ಹೊಕ್ಕು ದವಾಖಾನೆ ಸೇರಿದ್ದಳು. ಗೌತಮಿ ಗೋಡೆ ಹಿಡಿದುಕೊಂಡು ಹೋದಳು. ನಿದ್ದೆಯಲ್ಲಿದ್ದ ಶೈಲಾ ಸ್ಪಷ್ಟವಾಗಿ ಕಂಡಳು, ಎಚ್ಚರಾಗಿ ಹೊರಳಿದೊಡನೆ ಹಾಸಿಗೆ ಬರಿದಾಯಿತು. ಬರಿದಾದ ಹಾಸಿಗೆಯಿಂದ ದನಿ ಬಂತು.

"ಯಾಕ ಹಿಂಗ ನೋಡ್ತಿ? ಆ ಬಾವಿ ನಿನ್ನ ಕಣ್ಣಿಗೂ ಏನರ ಮಾಡಿತೇನು? ಕಾಲು ಹಿಡದಾಗ ಎಷ್ಟು ಹೆದರಿದ್ಯೋ ಏನೋ, ಪಾಪ."

ಪಾಪ ಎಂಬ ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಆಗಲೇ ಹೇಳಿಬಿಡಬೇಕಿತ್ತು. ಹೇಳಿದರೆ ಈ ಊರಿನಲ್ಲಿ ತನ್ನವರೆಂದು ಇರುವ ಒಬ್ಬಳೂ ಹೋಗುತ್ತಾಳೆ. ಗೌತಮಿ ಬಾಯಿ ಮುಚ್ಚಿಕೊಂಡಳು. ಮಂಚದ ಆಚೆ ನಿಂತಿದ್ದ ರುಮಾಲಿನವನೂ ಬಾಯಿ ಮುಚ್ಚಿಕೊಂಡೇ ನಿಂತಿದ್ದ.

ಶೈಲಾಗೆ ವಾಸಿಯಾದ ಮೇಲೆ, ಅಲುಗಿದ್ದು ತನಗೆ ಕಾಣುವುದಿಲ್ಲ ಎಂದಷ್ಟೇ ಗೌತಮಿ ಅವಳಿಗೆ ಹೇಳಿದಳು. ಇಬ್ಬರೂ ಮತ್ತೆ ಆ ಊರಿಗೆ ಹೋದರು. ರಸ್ತೆ ದಾಟುವಾಗ, ಬಸ್ಸು ಹತ್ತುವಾಗ, ಕೆರೂರಿನ ಸಂತೆಯ ನಡುವೆ ಹಾಯುವಾಗ ಗೌತಮಿಯ ಕೈ ಹಿಡಿದು ನಡೆಸಿದವಳು ಶೈಲಾ. ಕಾಣದ ಆ ಕೈಯ ಬಿಸಿ ತನ್ನ ಅಂಗೈಗೆ ತಾಗಿದಷ್ಟೂ ಗೌತಮಿ ಕುಗ್ಗಿದಳು.

ಶಿವಲಿಂಗವ್ವ ಶೈಲಾಳನ್ನು ಹಾಲು ತರಲು ಕಳಿಸಿ, ಗೋಡೆಗೆ ಒರಗಿ ಅಲುಗಾಡದೆ ಕೂತಳು. ಹಾಗೆ ಕೂತರೆ ಕಾಣುತ್ತೇನೆಂದು ಅವಳಿಗೆ ಹೇಗೋ ಗೊತ್ತಿತ್ತು. ಗೌತಮಿ ತಗಡು, ಸೂಜಿ, ಮೊಬೈಲಿನಲ್ಲಿದ್ದ ಚಿತ್ರ ಎಲ್ಲವನ್ನೂ ಮುಂದಿಟ್ಟಳು.

ಮುದುಕಿ ಚಿತ್ರ ನೋಡಿದಳು. ಮೊದಲನೆಯ ಸಾಲಿನ ಒಬ್ಬನ ಮೇಲೆ ಅವಳ ನೋಟ ನಾಟಿತು.

"ಇಂವ ನಮ್ಮಪ್ಪ."

ಒಲೆಯಲ್ಲಿ ಕಟ್ಟಿಗೆ ಚಟಪಟ ಎಂದಿತು.

"ಸಾವಂತ್ರವ್ವ ಅಂತ ಇದ್ಲು, ಇಳಕಲ್ಲ ಕಡೆಯಿಂದ ಲಗ್ನಾಗಿ ಬಂದಾಕಿ. ಗೌಡರ ಕೂಸು ಸತ್ತಾಗ ಆಕಿನ ಮಾಟ ಮಾಡ್ಸ್ಯಾಳ ಅಂದ್ರು. ಮಾಟಗಿತ್ತಿ ಆಗಿದ್ರ ಮುಳುಗಂಗಿಲ್ಲ ಅಂತ ಬಾವ್ಯಾಗ ಇಳಿಸಿದ್ರು. ಊರೆಲ್ಲಾ ಮೆಟ್ಟಿಲ ಮ್ಯಾಲ ನಿಂತು ನೋಡಿತು. ಮುಳುಗಿದ್ಲು. ಮುಳುಗೂಮುಂದ ಒಂದ ಮಾತು ಅಂದ್ಲಂತ. ನಿಂತು ನೋಡಿದವರು ನಿಂತ ಇರ್ರಿ." ಅವಳ ದನಿ ಇಳಿಯಿತು. "ಆಮ್ಯಾಲೆ ನಮ್ಮಪ್ಪಗ ನಾ ಆಡೋದು ಕಾಣ್ತಿರಲಿಲ್ಲ. ನನಗ ನಿದ್ದಿ ಹತ್ತಿದಾಗ ಅಷ್ಟ ಕಾಣ್ತಿದ್ದೆ. ಒಂದಿನ ಬಾವೀಗೆ ಹೋದ. ನಿಂತಲ್ಲೇ ಸತ್ತಿದ್ದ."

"ಯಾರೂ ಉಳೀಲಿಲ್ಲೇನ್ರಿ?"

"ಗೌಡ ಅಂಜಿಸಿದ್ದ ಅಂದ್ರು. ಕಾಲು ಕಟ್ಟಿದಂಗಾಗಿತ್ತು ಅಂದ್ರು. ನಾನಽ ನಿಂತೆ ಅಂತ ಒಬ್ಬರೂ ಅನ್ನಲಿಲ್ಲ. ನಾಚಿಕಿ. ಆ ನಾಚಿಕಿ ಇವತ್ತಿಗೂ ಊರಿನ ಕಾಲು ಕುಣಸ್ತದ." ಶಿವಲಿಂಗವ್ವ ಸಾಲಿನ ಕೊನೆಯ ಮುಖವನ್ನು ನೋಡಿದಳು, ಮೊಬೈಲನ್ನು ಬೋರಲಾಗಿ ಇಟ್ಟಳು. "ಸೂಜಿ ಚುಚ್ಚಿದ್ರ ಬಾವಿ ಕಣ್ಣು ಮುಚ್ಚತದ. ನಿನ್ನ ಕಣ್ಣಿಗೆ ಹತ್ತಿದ್ದು ಸೂಜಿಗೆ ಹೋಗಂಗಿಲ್ಲ ತಂಗಿ. ಬಾವಿ ಯಾರ ಕಾಲೂ ಹಿಡ್ಯಾಂಗಿಲ್ಲ. ತಾವಽ ನಿಂತವರನ್ನ ಇಟಗೋತದ."

ಶೈಲಾ ಹಾಲು ತಂದ ಮೇಲೆ, ಬಿಸಿಲಿರುವಾಗಲೇ ಮೂವರೂ ಬಾವಿಗೆ ಹೋದರು. ಗೌತಮಿ ತಗಡನ್ನು ನೆತ್ತಿಗೆ ಹಚ್ಚಿ ಪಾಪೆಗೆ ಸೂಜಿ ನಾಟಿದಳು. ಒಳಗೆ ಮತ್ತೆ ನೀರು ತೊಟ್ಟಿಕ್ಕಿತು. ಮುಗಿಯಿತು ಎಂದು ಬಾಗಿಲೊಳಗೆ ಇಣುಕಿದಳು.

ಮುಗಿದಿರಲಿಲ್ಲ. ಅವರು ಅಲ್ಲೇ ಇದ್ದರು. ಮೆಟ್ಟಿಲು ತುಂಬ. ಸಾಲಿನ ಕೊನೆಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಟ್ಟಿದ್ದರು.

ತಾನು ಇಳಿದದ್ದು ಅವಳಿಗೆ ಗೊತ್ತಾಗಲಿಲ್ಲ. ಕಾಲಡಿ ತಣ್ಣನೆ ಕಲ್ಲು. ಪಕ್ಕದಲ್ಲಿ ಒದ್ದೆ ಧೋತರ. ಅದು ಅವಳ ತೋಳಿಗೆ ತಾಗಿತು. ಒದ್ದೆ ಸೀರೆಯ ವಾಸನೆ ಮೂಗು ತುಂಬಿತು. ಕಾಲು ಎತ್ತಿದಳು. ಏಳಲಿಲ್ಲ. ಈಗ ಖರೇನೇ ಏಳಲಿಲ್ಲ. ಪಾದ ಮರಗಟ್ಟಿತು. ಮೀನಖಂಡ ಮರಗಟ್ಟಿತು. ಮೊಣಕಾಲು.

"ಗೌತಮೀ, ಸಾಕು ಬಾ." ಹೆಜ್ಜೆಯ ಸದ್ದು ಇಳಿದು ಬಂತು. ಬಿಸಿ ಕೈಯೊಂದು ಅವಳ ಕೈ ಹಿಡಿಯಿತು. "ಕಾಣವಲ್ಲೆನೇನು? ತಡಿ, ನಾ ನಿಲ್ಲತೇನಿ. ನೋಡು, ಅಲುಗಾಡೂದಿಲ್ಲ. ಈಗ ಕಾಣ್ತೇನಿಲ್ಲೋ?"

ಶೈಲಾ ನಿಂತಳು. ಆ ಬಾವಿಯಲ್ಲಿ, ಎರಡೂ ಕಾಲು ಊರಿ, ಇವಳ ಸಲುವಾಗಿ ಎರಡನೆಯ ಸಲ. ಮೇಲಿನಿಂದ ಶಿವಲಿಂಗವ್ವ ಚೀರಿದಳು. "ನಿಲ್ಲಬ್ಯಾಡ ಶೈಲಾ! ಕಾಲು ಆಡಸು!" ಶೈಲಾ ಅಲುಗಲಿಲ್ಲ. ಅವಳ ಸೀರೆಯ ಅಂಚು ಒದ್ದೆಯಾಗತೊಡಗಿತು. ಒಣ ಕಲ್ಲಿನ ಮೇಲೆ. ಒದ್ದೆ ಮೇಲೇರಿತು. ಸಾಲಿನ ತಲೆಗಳೆಲ್ಲ ನೀರು ಬಿಟ್ಟು ಅವಳ ಕಡೆ ತಿರುಗಿದ್ದವು.

"ನನ್ನ ಕಾಲು ಯಾರೂ ಹಿಡದಿರಲಿಲ್ಲ!"

"ಏನು?"

"ಅವತ್ತು. ಬರಬಹುದಿತ್ತು ಶೈಲಾ. ನೀ ಕರದದ್ದು ಕೇಳಿಸ್ತು. ಕಣ್ಣಾರೆ ನೋಡಿದೆ. ಫೋಟೋ ಕೆಡ್ತದಂತ ನಿಂತೆ. ನಾನಽ ನಿಂತೆ."

ಶೈಲಾ ಅಲುಗಾಡದೆ ನಿಂತಿದ್ದಳು. ಹಾಗಾಗಿ ಅವಳ ಮುಖ ಪೂರ್ತಿ ಕಂಡಿತು. ಮೊದಲು ಅದರಲ್ಲಿ ಏನೂ ಅರ್ಥವಾಗದವರ ನಗುವಿತ್ತು. ಆಮೇಲೆ ಆ ನಗು ಹೋಯಿತು. ಅದು ಹೋಗುವುದನ್ನು ಗೌತಮಿ ಕೊನೆಯ ತನಕ ನೋಡಬೇಕಾಯಿತು. ಕಣ್ಣು ಮುಚ್ಚಿಕೊಳ್ಳುವ ಹಕ್ಕು ಅವಳಿಗಿರಲಿಲ್ಲ.

ಬಿಸಿ ಕೈ ಸಡಿಲವಾಯಿತು. ಬಿಟ್ಟಿತು.

ಕಾಲಿಗೆ ರಕ್ತ ಬಂದಂತೆ ಜುಮ್ಮೆಂದಿತು. ಪಕ್ಕದ ಒದ್ದೆ ಧೋತರ ಇರಲಿಲ್ಲ. ಮೆಟ್ಟಿಲುಗಳು ಖಾಲಿಯಾಗಿದ್ದವು, ಬರಿ ಕಲ್ಲು. ಗೌತಮಿ ಕುಸಿದು ಕೂತಳು. ಅಷ್ಟು ದಿನಗಳ ಮೇಲೆ, ಅಲುಗಾಡುವಂಥದ್ದರಲ್ಲಿ ಅವಳಿಗೆ ಮೊಟ್ಟಮೊದಲು ಕಂಡದ್ದು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಶೈಲಾಳ ಬೆನ್ನು. ಒದ್ದೆಯಾದ ಅಂಚು ಎಳೆದುಕೊಂಡು, ಎಲ್ಲೂ ನಿಲ್ಲದೆ, ಅದು ಬಾಗಿಲು ದಾಟಿ ಬಿಸಿಲಿಗೆ ಹೋಯಿತು.